ಎಂಜಿನ್ ನಿಂತರೆ ಯಾವ ಹೊಲ?

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೇಲೆ ಮುಂಬಯಿಗೆ ಟಪಾಲು ತಂದ ಕತೆ ಎಲ್ಲರಿಗೂ ಗೊತ್ತು. ಅಲ್ಲಿಂದ ಮುಂದಕ್ಕೆ ವಿಮಾನ ನಡೆಸಿದವನು ನೆವಿಲ್ ವಿನ್ಸೆಂಟ್. ಅವನು ಆ ರಾತ್ರಿ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ, ಮದರಾಸು ಮುಟ್ಟಿದ್ದು ಮರುದಿನ. ಈ ಅರ್ಧ ಕತೆ ಬಳ್ಳಾರಿಯವರ ಬಾಯಲ್ಲೇ ಕೇಳಿಬರುವುದು ಅಪರೂಪ.

ಟಪಾಲು ಹೊತ್ತ ಆ ಪುಸ್ ಮಾತ್ ವಿಮಾನಕ್ಕೆ ಇದ್ದದ್ದು ಒಂದೇ ಎಂಜಿನ್, ಸುಮಾರು 120 ಅಶ್ವಶಕ್ತಿಯದು. ಈಗಿನ ಎರಡು ಮೂರು ಟ್ರ್ಯಾಕ್ಟರ್‌ಗಳ ಬಲ, ಅಷ್ಟೇ. ರೇಡಿಯೋ ಇರಲಿಲ್ಲ. ಎಂಜಿನ್ ಕೈಕೊಟ್ಟರೆ ಪೈಲಟ್ ವೇಗ ಕಳೆದುಕೊಳ್ಳದಂತೆ ಮೂಗು ತಗ್ಗಿಸಿ, ಗಾಳಿಗೆ ಎದುರಾಗಿ, ಕಂಡ ಹೊಲಕ್ಕೆ ಇಳಿಯಬೇಕು. ಈ ವಿಮಾನವೋ ತೇಲುತ್ತಲೇ ಹೋಗಿ, ಗುರಿಯಿಟ್ಟ ಹೊಲವನ್ನು ದಾಟಿಬಿಡುವಂಥದ್ದು. ಅದಕ್ಕೇ ಗಾಲಿಯ ಕಾಲುಗಳ ಹೊದಿಕೆಯನ್ನು ಅಡ್ಡಕ್ಕೆ ತಿರುಗಿಸಿ ಗಾಳಿಗೆ ತಡೆ ಒಡ್ಡುವ ಏರ್ಪಾಡಿತ್ತು. ಜಾಣ ಕೆಲಸ.

ಮುಂಬಯಿಯಿಂದ ನೆಟ್ಟಗೆ ಗೆರೆ ಎಳೆದರೆ ಅದು ಕುರುಗೋಡಿನ ಕಡೆಯಿಂದ ಬಳ್ಳಾರಿಗೆ ಬರುತ್ತದೆ. ಅಲ್ಲಿ ಬಂಡೆಗುಡ್ಡ, ಸುತ್ತ ಎರೆ ಹೊಲ. ಸಿರುಗುಪ್ಪದ ಎರೆಯಲ್ಲಿ ಬೆಳೆದವನಾದ್ದರಿಂದ ನನಗೆ ಅದರ ಗುಣ ಗೊತ್ತು. ಮೇಲಿನಿಂದ ನೋಡಿದರೆ ಹಾಸಿದ ಹಾಗೆ ಸಮತಟ್ಟು. ಅಕ್ಟೋಬರ್ ಅಂದರೆ ಹಿಂಗಾರಿ ಜೋಳ ಬಿತ್ತುವ ಕಾಲ. ಒಂದು ಹದ ಮಳೆ ಬಿದ್ದಿತೋ, ಎತ್ತಿನ ಬಂಡಿಯ ಗಾಲಿಯೇ ಹೂತುಹೋಗುತ್ತದೆ. ಹಗುರ ವಿಮಾನದ ಗಾಲಿ ಹೂತರೆ ಬಾಲ ಮೇಲೇಳುತ್ತದೆ, ಮೂಗು ನೆಲಕ್ಕೆ ಕುಕ್ಕಿ ಇಡೀ ವಿಮಾನ ಅಂಗಾತ ಬೀಳುತ್ತದೆ. ಬೇಸಿಗೆಯಲ್ಲಿ ನೆಲ ಗಟ್ಟಿ, ಆದರೆ ಬಿರುಕು. ಕೆಂಪು ಮಸಾರಿ ವಾಸಿ, ಕಲ್ಲಿಲ್ಲದಿದ್ದರೆ. ಎಲ್ಲಿ ಇಳಿದರೂ ಸಾಲಿನ ಗುಂಟ ಇಳಿಯಬೇಕು, ಅಡ್ಡಡ್ಡ ಅಲ್ಲ.

ಟಾಟಾ ಟಪಾಲು ಮೊದಲ ವರ್ಷ 1,60,000 ಮೈಲಿ ಹಾರಿತು, 60,000 ರೂಪಾಯಿ ಲಾಭ ಮಾಡಿತು. ಆಮೇಲೆ ದಾರಿ ಹೈದರಾಬಾದ್ ಕಡೆ ತಿರುಗಿ, ಬಳ್ಳಾರಿ ಬಿಟ್ಟುಹೋಯಿತು.

ಹೊಲಕ್ಕೆ ಇಳಿಯುವ ಪಾಡು ಮಾತ್ರ ಇಂದಿಗೂ ತಪ್ಪಿಲ್ಲ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹಾರಿದ ತರಬೇತಿ ವಿಮಾನವೊಂದು ದೋಷ ಕಾಣಿಸಿಕೊಂಡು ಹೊನ್ನಿಹಾಳದ ಹೊಲಕ್ಕೆ ಇಳಿಯಿತು. ಒಳಗಿದ್ದ ಇಬ್ಬರಿಗೂ ಸಣ್ಣಪುಟ್ಟ ಗಾಯ, ಜೀವ ಉಳಿಯಿತು. ಮುಂಗಾರಿನ ಮುಂಚಿನ ನೆಲ ಅದು.

ಸಿರುಗುಪ್ಪದಲ್ಲಾದರೆ? 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಿದ್ದಮೇಲೆ ಎರೆಯೆಲ್ಲ ಭತ್ತದ ಗದ್ದೆಯಾಯಿತು. ಹೆಜ್ಜೆಹೆಜ್ಜೆಗೂ ಬದು, ಅದರ ಮೇಲೆ ಪಂಪ್‌ಸೆಟ್ ಕರೆಂಟಿನ ತಂತಿ. ಬದುವಿಗೆ ತಗುಲಿದರೆ ಗಾಲಿ ಕಿತ್ತೇ ಹೋಗುತ್ತದೆ. ಕುಯ್ಲಾಗಿ ನೀರು ಬಸಿದ ಗದ್ದೆಯ ಉದ್ದನೆಯ ಬದಿ ಹಿಡಿಯುವುದು ಬಿಟ್ಟರೆ ನನಗಂತೂ ಬೇರೆ ಜಾಗ ಕಾಣುವುದಿಲ್ಲ.