ಪಾಠದ ನಡುವೆ ಇಪ್ಪತ್ತು ನಿಮಿಷ

ನಿಮ್ಮ ಮನೆಯ ಮಗು ಇತಿಹಾಸದ ಪುಸ್ತಕ ಕಂಡೊಡನೆ ಆಕಳಿಸುತ್ತದೆಯೇ? ಇಸವಿ, ಯುದ್ಧ, ಒಪ್ಪಂದ, ಮತ್ತೆ ಇಸವಿ. ಬಾಯಿಪಾಠ ಮಾಡಿದ್ದೆಲ್ಲ ಪರೀಕ್ಷೆಯ ಮರುದಿನವೇ ಮಾಯ. ನಿಮ್ಮಲ್ಲಿ ಮೇಷ್ಟ್ರು, ಟೀಚರುಗಳೂ ಬಹಳ ಮಂದಿ ಇದ್ದೀರಿ. ಅದಕ್ಕೇ ಈ ಸಲ, ರೇಡಿಯೋದವರ ಬಾಯಲ್ಲಿ ಸಿನಿಮಾ ಮಾತು.

ಮುಂಬಯಿಯ ಫಿಲ್ಮ್ಸ್ ಡಿವಿಜನ್ ನೆನಪಿದೆಯಲ್ಲ? 1948ರಲ್ಲಿ ಶುರುವಾಗಿ 2022ರಲ್ಲಿ ಎನ್‌ಎಫ್‌ಡಿಸಿಯೊಳಗೆ ಸೇರಿಹೋಯಿತು. ಥಿಯೇಟರಿನಲ್ಲಿ ಸಿನಿಮಾಕ್ಕೆ ಮುಂಚೆ ಅದರ ಕಿರುಚಿತ್ರ ಬರುವಾಗ ನಮ್ಮ ಹಿರಿಯರು ಹೊರಗೆ ಕಡಲೆಕಾಯಿ ಕೊಳ್ಳುತ್ತಿದ್ದರು! ಆದರೆ ಅದೇ ಸಂಸ್ಥೆಗಾಗಿ 1967ರಲ್ಲಿ ಎಸ್.ಎನ್.ಎಸ್. ಶಾಸ್ತ್ರಿ ‘ಐ ಆ್ಯಮ್ 20’ ಎಂಬ ಚಿತ್ರ ಮಾಡಿದರು. 1947ರಲ್ಲಿ ಹುಟ್ಟಿದ, ಅಂದರೆ ಸ್ವಾತಂತ್ರ್ಯದ ವಯಸ್ಸಿನದೇ ಆದ ಹುಡುಗ ಹುಡುಗಿಯರನ್ನು ದೇಶದ ಮೂಲೆಮೂಲೆಯಲ್ಲಿ ಮಾತಾಡಿಸಿದರು. ಕೆಲವರಿಗೆ ಕಣ್ಣ ತುಂಬ ಕನಸು. ಕೆಲವರಿಗೆ ದೇಶದ ಬಗ್ಗೆ ಬೇಸರ, ಅದನ್ನೂ ಮುಚ್ಚಿಡುವುದಿಲ್ಲ. ಸರ್ಕಾರದ ದುಡ್ಡಿನ ಚಿತ್ರದಲ್ಲಿ ಇದು! ಎಲ್ಲ ಸೇರಿ ಸುಮಾರು ಇಪ್ಪತ್ತು ನಿಮಿಷ; ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಅರ್ಧ ಉಳಿಯುತ್ತದೆ. ಆ ಅರ್ಧವೇ ನಿಜವಾದ ಪಾಠ. ಚಿತ್ರ ಹಾಕಿ ಸ್ಟಾಫ್ ರೂಮಿಗೆ ಹೋಗಿಬಿಟ್ಟರೆ ಏನೂ ಆಗುವುದಿಲ್ಲ. ನಡುವೆ ನಿಲ್ಲಿಸಿ ಕೇಳಬೇಕು: ಯಾರನ್ನು ಮಾತಾಡಿಸಿಲ್ಲ? ಇದನ್ನು ಮಾಡಿಸಿದವರು ಯಾರು?

ನನ್ನ ಕಸುಬಿನಿಂದ ಬಂದ ಒಂದು ಉಪಾಯವಿದೆ. ಮೊದಲು ದನಿ ತೆಗೆದು ತೋರಿಸಿ, ಆಮೇಲೆ ದನಿಯೊಡನೆ. 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟ ದಂಡಿ ಯಾತ್ರೆಯ ದೃಶ್ಯಗಳನ್ನೇ ತೆಗೆದುಕೊಳ್ಳಿ. ಅವು ಮೂಕ ದೃಶ್ಯಗಳು. ಈಗ ಕೇಳಿಸುವ ಭಜನೆ, ಗಂಭೀರ ಕಂಠದ ವಿವರಣೆ, ಎಲ್ಲ ಆಮೇಲೆ ಸೇರಿಸಿದ್ದು. ಗಾಂಧೀಜಿಯವರ ಮಾತು ಕೇಳಬೇಕಾದರೆ 1931ರ ಫಾಕ್ಸ್ ಮೂವಿಟೋನ್ ಸಂದರ್ಶನಕ್ಕೆ ಬರಬೇಕು. ಕಣ್ಣಿಗೆ ಕಂಡದ್ದೆಷ್ಟು, ಯಾರೋ ಕಿವಿಯಲ್ಲಿ ಹೇಳಿದ್ದೆಷ್ಟು ಎಂದು ಮಕ್ಕಳೇ ಬೇರೆ ಮಾಡಲಿ. ನಮ್ಮಂಥ ಅನೌನ್ಸರುಗಳ ದನಿಗೆ ಮರುಳಾಗದಿರುವುದನ್ನೂ ಕಲಿಯಲಿ!

ಕನ್ನಡದ್ದೇ ಬೇಕೆಂದರೆ ಗಿರೀಶ ಕಾರ್ನಾಡರು 1972ರಲ್ಲಿ ಬೇಂದ್ರೆಯವರ ಮೇಲೆ ಮಾಡಿದ ಸಾಕ್ಷ್ಯಚಿತ್ರವಿದೆ. ಪಠ್ಯಪುಸ್ತಕದ ಫೋಟೋ ಅಲ್ಲ, ನಡೆದಾಡುವ, ಮಾತಾಡುವ ಧಾರವಾಡದ ಅಜ್ಜ.

ಆದರೆ ಹಗಲು ಹೋಟೆಲಿನಲ್ಲಿ ದುಡಿದು, ಮುಂಬಯಿಯ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತವರ ಕಥೆ ಯಾವ ಪಠ್ಯದಲ್ಲಿದೆ? 1967ರಲ್ಲಿ ಇಪ್ಪತ್ತಾಗಿದ್ದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಪಕ್ಕದ ಬಿಲ್ಡಿಂಗಿನಲ್ಲೇ ಒಬ್ಬರು ಇರಬಹುದು. ಈ ಭಾನುವಾರವೇ ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಕಳಿಸಿ. ‘ಅಜ್ಜಾ, ಊರಿಂದ ಬಂದ ಮೊದಲ ರಾತ್ರಿ ಎಲ್ಲಿ ಮಲಗಿದಿರಿ?’ ಎಂದು ಒಂದೇ ಪ್ರಶ್ನೆ ಕೇಳಲಿ. ಅವರು ಸುಮ್ಮನಾದರೆ ಕಾಯಲಿ, ರೆಕಾರ್ಡಿಂಗ್ ನಿಲ್ಲಿಸುವುದು ಬೇಡ. ಹಾಂ, ಫ್ಯಾನ್ ಮಾತ್ರ ಆಫ್ ಮಾಡಿಸಿ. ಮೈಕಿಗೆ ಅದರ ಸದ್ದೇ ಮೊದಲು ಕೇಳಿಸುವುದು.