ಮೂರ್ತೆದಾರರು ಸಂಘ ಕಟ್ಟಿದ ಕತೆ

ಉಡುಪಿ, ಕಾಪು, ಕಾರ್ಕಳದ ಪೇಟೆಗಳಲ್ಲಿ ತಿರುಗಾಡುವವರಿಗೆ ‘ಮೂರ್ತೆದಾರರ ಸೇವಾ ಸಹಕಾರಿ ಸಂಘ’ ಎಂಬ ಫಲಕ ಅಲ್ಲಲ್ಲಿ ಕಣ್ಣಿಗೆ ಬೀಳುತ್ತದೆ. ಒಳಗೆ ಹೋದರೆ ಠೇವಣಿ, ಚಿನ್ನದ ಮೇಲಿನ ಸಾಲ, ಪಿಗ್ಮಿ ಸಂಗ್ರಹ ಇತ್ಯಾದಿ ಎಲ್ಲ ಸಹಕಾರಿ ಬ್ಯಾಂಕುಗಳಲ್ಲೂ ಇರುವ ವ್ಯವಹಾರವೇ. ಘಟ್ಟದ ಮೇಲಿನಿಂದ ಬಂದವರು ಇದು ಮೂರ್ತಿ ಕೆತ್ತುವ ಶಿಲ್ಪಿಗಳ ಸಂಘವಿರಬೇಕೆಂದು ಭಾವಿಸಿದರೆ ತಪ್ಪೇನಿಲ್ಲ. ಆದರೆ ತುಳುನಾಡಿನಲ್ಲಿ ‘ಮೂರ್ತೆ’ ಎಂದರೆ ಮರದಿಂದ ಕಳ್ಳು ಇಳಿಸುವ ಕೆಲಸ. ಆ ಕಸುಬಿನವರು ಮೂರ್ತೆದಾರರು. ಕತ್ತಿ ಹಿಡಿದು ಮರ ಹತ್ತುತ್ತಿದ್ದವರ ಹೆಸರು ಬ್ಯಾಂಕಿನ ಫಲಕಕ್ಕೆ ಏರಿದ್ದು ಹೇಗೆ? ಅದರ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಒಂದು ಇತಿಹಾಸವಿದೆ.

ಮೊದಲು ಕಸುಬಿನ ವಿಚಾರ. ತೆಂಗು, ತಾಳೆ, ಬೈನೆ ಮರಗಳಿಂದ ಕಳ್ಳು ಇಳಿಸುತ್ತಾರೆ. ತೆಂಗಿನ ಮರದಲ್ಲಿ ಇನ್ನೂ ಬಿರಿಯದ ಹೊಂಬಾಳೆಯನ್ನು ಹಗ್ಗದಿಂದ ಬಿಗಿದು ಕಟ್ಟಿ, ಹಲವು ದಿನಗಳ ಕಾಲ ಮೃದುವಾಗಿ ತಟ್ಟಿ ಹದಗೊಳಿಸಬೇಕು. ಪೆಟ್ಟು ಹೆಚ್ಚಾದರೆ ಹೊಂಬಾಳೆ ಕೆಡುತ್ತದೆ, ಕಡಿಮೆಯಾದರೆ ರಸ ಇಳಿಯುವುದಿಲ್ಲ. ಆಮೇಲೆ ತುದಿಯನ್ನು ತೆಳ್ಳಗೆ ಕೆತ್ತಿ ಮಡಕೆ ಕಟ್ಟಬೇಕು. ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಮರ ಹತ್ತಿ ರಸ ಇಳಿಸಿ ಮತ್ತೆ ಕೆತ್ತಬೇಕು. ಮಳೆಯಿರಲಿ, ಜ್ವರವಿರಲಿ, ಮರ ಬಿಡುವು ಕೊಡುವುದಿಲ್ಲ.

ತೊಟ್ಟಿಕ್ಕುವ ರಸ ಆ ಗಳಿಗೆಯಲ್ಲಿ ಬರೀ ಸಿಹಿ, ಅದೇ ನೀರಾ. ಗಾಳಿಯಲ್ಲಿ, ಮಡಕೆಯಲ್ಲಿ ಇರುವ ಸೂಕ್ಷ್ಮಾಣುಗಳು ಕೂಡಲೇ ಸಕ್ಕರೆಯನ್ನು ಮದ್ಯಸಾರವಾಗಿಸಲು ತೊಡಗುತ್ತವೆ. ಕೆಲವೇ ಗಂಟೆಗಳಲ್ಲಿ ಅದು ಕಳ್ಳಾಗುತ್ತದೆ, ಮರುದಿನಕ್ಕೆ ಹುಳಿಯಾಗುತ್ತದೆ, ಇನ್ನೂ ಬಿಟ್ಟರೆ ವಿನೆಗರ್ ಆಗುತ್ತದೆ. ಮಡಕೆಯ ಒಳಗೆ ಸುಣ್ಣ ಬಳಿದರೆ ಹುಳಿಯುವುದು ತಡವಾಗುತ್ತದೆ. ಆ ಸಿಹಿ ರಸವನ್ನು ಕಾಯಿಸಿದರೆ ಬೆಲ್ಲ. ಬಿಯರ್ ಮಾಡುವವನಿಗೆ ಬಾರ್ಲಿ ಮೊಳಕೆ ಬರಿಸುವ, ಬೇಯಿಸುವ, ಯೀಸ್ಟ್ ಹಾಕುವ ಕೆಲಸವೆಲ್ಲ ಇದೆ. ಮೂರ್ತೆದಾರನಿಗೆ ಮರದ ತುದಿಯೇ ಕಾರ್ಖಾನೆ. ಕರಾವಳಿಯ ಕ್ರೈಸ್ತರ ಮನೆಗಳಲ್ಲಿ ಸನ್ನದ ಹಿಟ್ಟು ಉಬ್ಬಲು ಬೇಕಾಗಿದ್ದುದೂ ಇದೇ ಕಳ್ಳು. ಕೆಲವು ದೈವಗಳ ಎಡೆಯಲ್ಲಿಯೂ ಅದಕ್ಕೆ ಸ್ಥಾನವಿದೆ.

ಈ ಕೆಲಸವನ್ನು ಬಹುಮಟ್ಟಿಗೆ ಮಾಡಿಕೊಂಡು ಬಂದವರು ಬಿಲ್ಲವರು. 1909ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕುರಿತ ಗ್ರಂಥದಲ್ಲಿ ಎಡ್ಗರ್ ಥರ್ಸ್ಟನ್ ಅವರನ್ನು ದಕ್ಷಿಣ ಕನ್ನಡದ ಕಳ್ಳು ಇಳಿಸುವ ಸಮುದಾಯವೆಂದೇ ದಾಖಲಿಸಿದ್ದಾನೆ. ಆದರೆ ಸಮುದಾಯದ ನೆನಪು ಅಷ್ಟಕ್ಕೇ ನಿಲ್ಲುವುದಿಲ್ಲ. ಬಿಲ್ಲು ಹಿಡಿದವರೆಂಬ ಹೆಸರು, ನಾಟಿಮದ್ದು ಬಲ್ಲ ಬೈದ್ಯರೆಂಬ ಹೆಸರು, ಗರಡಿಗಳಲ್ಲಿ ಪೂಜೆಗೊಳ್ಳುವ ಕೋಟಿ ಚೆನ್ನಯರು, ಇವೆಲ್ಲ ಆ ನೆನಪಿನಲ್ಲಿವೆ. ಹೊರಗಿನವರು ಕಂಡದ್ದು ಮಾತ್ರ ಕತ್ತಿ ಮತ್ತು ಮಡಕೆ.

ಕಸುಬು ಇವರದಾದರೂ ಲಾಭ ಇವರದಾಗಿರಲಿಲ್ಲ ಎಂಬುದೇ ಈ ಇತಿಹಾಸದ ತಿರುಳು. ಮರ ಧಣಿಗಳದ್ದು. ಬ್ರಿಟಿಷ್ ಆಡಳಿತದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1886ರ ಮದ್ರಾಸ್ ಅಬಕಾರಿ ಕಾಯಿದೆಯ ಪ್ರಕಾರ ಕಳ್ಳು ಇಳಿಸಲು, ಮಾರಲು ಸರಕಾರದ ಪರವಾನಗಿ ಬೇಕು. ಮರಕ್ಕೆ ತೆರಿಗೆ ಕಟ್ಟಬೇಕು. ಗಡಂಗುಗಳನ್ನು ಹರಾಜಿನಲ್ಲಿ ಹಿಡಿಯುವ ಗುತ್ತಿಗೆದಾರರಿಗೆ ಬೇಕಾದದ್ದು ಹಣ; ಮರ ಹತ್ತುವ ಬಲವಲ್ಲ. ಮರದ ಬಾಡಿಗೆ ಧಣಿಗೆ, ತೆರಿಗೆ ಸರಕಾರಕ್ಕೆ, ಅಂಗಡಿಯ ಲಾಭ ಗುತ್ತಿಗೆದಾರನಿಗೆ. ಬಿದ್ದು ಸೊಂಟ ಮುರಿದರೆ ಆ ನಷ್ಟ ಮಾತ್ರ ಮೂರ್ತೆದಾರನ ಮನೆಯವರಿಗೆ.

ಇದೇ ಕಾಲದಲ್ಲಿ ಸಮುದಾಯದ ಒಳಗೇ ಇನ್ನೊಂದು ಪ್ರಶ್ನೆ ಎದ್ದಿತು. ನಾರಾಯಣ ಗುರುಗಳ ಕೈಯಿಂದ 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥೇಶ್ವರನ ಪ್ರತಿಷ್ಠೆಯಾಯಿತು. ದೇವಸ್ಥಾನಗಳ ಹೊರಗೇ ನಿಂತಿದ್ದವರಿಗೆ ತಮ್ಮದೇ ಆದ ಗುಡಿ ದೊರಕಿತು. ಆದರೆ ಗುರುಗಳು ಮದ್ಯವನ್ನು ವಿಷವೆಂದೇ ಬಗೆದವರು. ಅದನ್ನು ತಯಾರಿಸುವುದೂ, ಕೊಡುವುದೂ, ಕುಡಿಯುವುದೂ ಸಲ್ಲದೆಂದು ಬೋಧಿಸಿದವರು. ಗುರುವನ್ನು ನಂಬುವುದೇ, ಹೊಟ್ಟೆಪಾಡನ್ನು ನಂಬುವುದೇ? ಅನೇಕ ಮನೆಗಳಲ್ಲಿ ತಂದೆ ಮರ ಹತ್ತುತ್ತಲೇ ಮಗನನ್ನು ಶಾಲೆಗೆ ಕಳುಹಿಸಿದ. ಈ ದ್ವಂದ್ವ ಇಂದಿಗೂ ಪೂರ್ತಿ ಬಗೆಹರಿದಿಲ್ಲ.

ದ್ವಂದ್ವವನ್ನು ಸರಕಾರವೇ ಒಮ್ಮೆ ಬಗೆಹರಿಸಲು ನೋಡಿತು. ರಾಜಾಜಿ ಸರಕಾರ 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಆರಂಭಿಸಿದ ಪಾನನಿಷೇಧ, 1948ರ ಹೊತ್ತಿಗೆ ಇಡೀ ಮದ್ರಾಸ್ ಪ್ರಾಂತ್ಯಕ್ಕೆ ಹಬ್ಬಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ನಿಷೇಧ ಮುಂದುವರಿದು, ತೆರವಾದದ್ದು 1967ರಲ್ಲಿ. ಸುಮಾರು ಎರಡು ದಶಕಗಳ ಕಾಲ ಕುಲಕಸುಬೇ ಅಪರಾಧವಾಯಿತು. ಕೆಲವರು ಕದ್ದು ಇಳಿಸಿದರು. ಹೆಚ್ಚಿನವರು ಬೀಡಿ ಕಟ್ಟಲು ಕುಳಿತರು, ಹಂಚಿನ ಕಾರ್ಖಾನೆ ಸೇರಿದರು, ಇಲ್ಲವೇ ಮುಂಬಯಿಗೆ ಹೋದರು. ಅಲ್ಲಿ ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಓದಿದವರು ಎಷ್ಟೋ ಮಂದಿ. 1932ರಲ್ಲಿ ಹುಟ್ಟಿದ ಮುಂಬಯಿಯ ಬಿಲ್ಲವರ ಅಸೋಸಿಯೇಶನ್ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನು ಕಟ್ಟಿತು. ಸಾಲಕ್ಕಾಗಿ ಧಣಿಯ ಅಂಗಳದಲ್ಲಿ ನಿಂತಿದ್ದವರ ಮಕ್ಕಳು ಸಾಲ ಕೊಡುವ ಸಂಸ್ಥೆಯನ್ನೇ ಕಟ್ಟಿದ್ದು ಸಣ್ಣ ಮಾತಲ್ಲ.

ಮೊಳಹಳ್ಳಿ ಶಿವರಾಯರಂಥವರು ಬೆಳೆಸಿದ ಸಹಕಾರ ಚಳವಳಿ ಊರಿನಲ್ಲಿಯೂ ಬೇರುಬಿಟ್ಟಿತ್ತು. ಕಳ್ಳಿನ ಪರವಾನಗಿ ಗುತ್ತಿಗೆದಾರನ ಬದಲು ಮರ ಹತ್ತುವವರ ಸಂಘಕ್ಕೇ ಏಕೆ ಸಿಗಬಾರದು ಎಂಬ ವಿಚಾರ ಇಲ್ಲಿ ಬಲಗೊಂಡು, 1990ರ ದಶಕದಲ್ಲಿ ಮೂರ್ತೆದಾರರ ಸಹಕಾರಿ ಸಂಘಗಳು ಜಿಲ್ಲೆಯಲ್ಲಿ ನೆಲೆಯೂರಿದವು. ಲೆಕ್ಕಾಚಾರ ಸರಳ. ಸದಸ್ಯ ಇಳಿಸಿದ ಕಳ್ಳನ್ನು ಸಂಘ ಕೊಳ್ಳುತ್ತದೆ, ಸಂಘದ ಅಂಗಡಿ ಮಾರುತ್ತದೆ, ಉಳಿದ ಲಾಭ ಸದಸ್ಯರದೇ. ಸಾಲಕ್ಕೂ ಸಂಘವೇ ದಿಕ್ಕು. ನಡುವಿನ ಗುತ್ತಿಗೆದಾರ ಇಲ್ಲಿಗೆ ಮಾಯವಾದ.

ಹೊರದೇಶಗಳಲ್ಲಿಯೂ ಇದೇ ಕಾಲದಲ್ಲಿ ಕೈಕಸುಬಿನ ಪಾನೀಯಕ್ಕಾಗಿ ಸಂಘಗಳು ಹುಟ್ಟಿದವೆಂಬುದು ಕುತೂಹಲದ ಸಂಗತಿ. ದೊಡ್ಡ ಕಂಪನಿಗಳ ಒಂದೇ ರುಚಿಯ ಬಿಯರಿಗೆ ಬೇಸತ್ತ ಇಂಗ್ಲಿಷರು 1971ರಲ್ಲಿ ಸಾಂಪ್ರದಾಯಿಕ ಏಲ್ ಉಳಿಸಲು ಚಳವಳಿಯನ್ನೇ ಹೂಡಿದರು. ಅಮೆರಿಕದಲ್ಲಿ ಮನೆಬಳಕೆಗೆ ಬಿಯರ್ ತಯಾರಿಸುವುದಕ್ಕೆ ಇದ್ದ ತೊಡಕನ್ನು ನಿವಾರಿಸುವ ಕಾನೂನಿಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದರು. ಅದೇ ವರ್ಷ ಅಲ್ಲಿ ಮನೆಬಿಯರ್ ಹವ್ಯಾಸಿಗಳ ರಾಷ್ಟ್ರೀಯ ಸಂಘ ಹುಟ್ಟಿತು. ಅಲ್ಲಿ ಹವ್ಯಾಸಿಗಳು ಕಾನೂನನ್ನು ಬದಲಿಸಿಕೊಂಡು ಉದ್ಯಮಿಗಳಾದರು. ಇಲ್ಲಿಯವರದು ಹವ್ಯಾಸವಲ್ಲ, ಹೊಟ್ಟೆಪಾಡು. ಅವರು ಕಾನೂನಿನ ಕೆಳಗೇ ಬದುಕುವ ದಾರಿ ಹುಡುಕಬೇಕಾಯಿತು.

ಆ ದಾರಿ ಮತ್ತೆ ಕಿರಿದಾಯಿತು. ಕಲಬೆರಕೆಯ ಹಾವಳಿಯ ಹಿನ್ನೆಲೆಯಲ್ಲಿ 2004ರಲ್ಲಿ ಕರ್ನಾಟಕ ಸರಕಾರ ರಾಜ್ಯದಲ್ಲಿ ಶೇಂದಿ ಮಾರಾಟ ನಿಲ್ಲಿಸಿದಾಗ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಗೆ ಮಾತ್ರ ವಿನಾಯಿತಿ ದೊರೆಯಿತು. 2007ರಲ್ಲಿ ಸಾರಾಯಿ ಕೂಡ ನಿಂತಿತು. ಬೆಂಗಳೂರಿನಲ್ಲಿಯಾದರೋ 2010ರಿಂದೀಚೆಗೆ ಮೈಕ್ರೊ ಬ್ರುವರಿಗಳು ತೆರೆದು, ಅಲ್ಲೇ ತಯಾರಾದ ತಾಜಾ ಬಿಯರು ನಗರದ ಹೆಮ್ಮೆಯಾಯಿತು. ತಾಜಾ, ಸ್ಥಳೀಯ, ಕೈಯಿಂದ ಮಾಡಿದ್ದು ಎಂಬ ಮೂರು ಗುಣಗಳೂ ಕಳ್ಳಿಗೆ ಮೊದಲಿನಿಂದಲೂ ಇದ್ದವಲ್ಲ! ಗಾಜಿನ ಲೋಟದಲ್ಲಿ ಬಂದದ್ದಕ್ಕೆ ಒಂದು ಮರ್ಯಾದೆ, ಮಡಕೆಯಿಂದ ಬಂದದ್ದಕ್ಕೆ ಇನ್ನೊಂದು. ಹಾಗೆಂದು ಕುಡಿತ ಹಾಳುಮಾಡಿದ ಮನೆಗಳನ್ನು ಮರೆಯಲಾಗದು. ಗುರುಗಳ ಮಾತಿಗೆ ಆಧಾರವಾದುದೂ ಅಂಥ ಮನೆಗಳೇ.

ಈಗ ಸಂಘಗಳ ಮುಂದಿರುವ ಸಂಕಟ ಬೇರೆ. ಬ್ಯಾಂಕಿನ ವ್ಯವಹಾರ ಬೆಳೆದಿದೆ, ಮರ ಹತ್ತುವವರು ಕಡಿಮೆಯಾಗಿದ್ದಾರೆ. ಮಕ್ಕಳು ಓದಿ ಬೇರೆ ಕೆಲಸ ಹಿಡಿದದ್ದು ಸಂತೋಷದ ವಿಷಯವೇ. ತಂದೆಯಂದಿರು ಬಯಸಿದ್ದೂ ಅದನ್ನೇ. ಆದರೆ ಹೊಂಬಾಳೆಯನ್ನು ಎಷ್ಟು ತಟ್ಟಬೇಕು, ಎಷ್ಟು ತೆಳ್ಳಗೆ ಕೆತ್ತಬೇಕು ಎಂಬುದು ಪುಸ್ತಕದಲ್ಲಿ ಕಲಿಯುವ ವಿದ್ಯೆಯಲ್ಲ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ರಸವನ್ನು ಮರದ ಮೇಲೆಯೇ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹಿಡಿದು, ಹುಳಿಯದಂತೆ ಕಾಪಾಡುವ ವಿಧಾನವನ್ನು ರೂಪಿಸಿ ಅದಕ್ಕೆ ‘ಕಲ್ಪರಸ’ ಎಂದು ಹೆಸರಿಟ್ಟಿದೆ. ಕುಂದಾಪುರದ ಕಡೆಯ ಜಪ್ತಿಯಲ್ಲಿ ರೈತರ ಕಂಪನಿಯೊಂದು ಈ ಕೆಲಸಕ್ಕೆ ಕೈಹಾಕಿದೆ. ಇದರಲ್ಲಿ ಮದ್ಯವಿಲ್ಲ; ಗುರುಗಳ ಮಾತಿಗೂ, ಕುಲದ ವಿದ್ಯೆಗೂ ಇಲ್ಲಿ ಜಗಳವಿಲ್ಲ. ಆದರೆ ಪೆಟ್ಟಿಗೆ ಹೊಸದಾದರೂ ಅದನ್ನು ಕಟ್ಟಲು ಮರ ಹತ್ತಲೇಬೇಕು.

ನೆರೆಯ ಕೇರಳ 1969ರಷ್ಟು ಹಿಂದೆಯೇ ಕಳ್ಳು ಕಾರ್ಮಿಕರಿಗಾಗಿ ಕಾಯಿದೆ ಮಾಡಿ ಕ್ಷೇಮನಿಧಿ ಸ್ಥಾಪಿಸಿತು. ನಮ್ಮ ಸಂಘಗಳು ಠೇವಣಿ ಎಷ್ಟು ಕೋಟಿ ದಾಟಿತೆಂದು ವಾರ್ಷಿಕ ಮಹಾಸಭೆಯಲ್ಲಿ ಓದುವಾಗ, ಈ ವರ್ಷ ಹೊಸದಾಗಿ ಎಷ್ಟು ಮಂದಿ ಮರ ಹತ್ತಲು ಕಲಿತರು, ಬಿದ್ದವರ ಮನೆಗೆ ಎಷ್ಟು ತಲುಪಿತು ಎಂಬ ಎರಡು ಸಾಲುಗಳನ್ನೂ ಸೇರಿಸಿ ಓದಿದರೆ ಚೆನ್ನಿತ್ತು. ಫಲಕದಲ್ಲಿರುವ ಹೆಸರು ಅವರದಲ್ಲವೇ?