ಪರದೇಶದ ಯುದ್ಧ, ಸ್ವದೇಶದ ಹೊಣೆ

ಭಾರತದ ಪಾಸ್‌ಪೋರ್ಟಿನಲ್ಲಿ ರಾಷ್ಟ್ರಪತಿಯವರ ಹೆಸರಿನಲ್ಲಿ ಒಂದು ಕೋರಿಕೆ ಅಚ್ಚಾಗಿರುತ್ತದೆ. ಇದನ್ನು ಹಿಡಿದು ಬಂದವರನ್ನು ಅಡ್ಡಿಯಿಲ್ಲದೆ ಓಡಾಡಲು ಬಿಡಬೇಕು, ಅಗತ್ಯ ಬಿದ್ದರೆ ನೆರವು, ರಕ್ಷಣೆ ಕೊಡಬೇಕು ಎಂಬುದು ಅದರ ಸಾರಾಂಶ. ಕೋರಿಕೆ ಇರುವುದು ಪರದೇಶದ ಅಧಿಕಾರಿಗಳಿಗೆ. ಆ ದೇಶಕ್ಕೇ ಬೆಂಕಿ ಬಿದ್ದು, ರಕ್ಷಣೆ ಕೊಡಬೇಕಾದವರೇ ಬಂದೂಕು ಹಿಡಿದು ಬೀದಿಗಿಳಿದರೆ ಪಾಸ್‌ಪೋರ್ಟ್ ಕೊಟ್ಟ ಸರ್ಕಾರದ ಹೊಣೆ ಏನು? 1963ರ ವಿಯೆನ್ನಾ ಒಪ್ಪಂದ, ತನ್ನ ಪ್ರಜೆಗಳ ಹಿತ ಕಾಯುವುದು ದೂತಾವಾಸಗಳ ಕೆಲಸಗಳಲ್ಲೊಂದು ಎನ್ನುತ್ತದೆಯೇ ಹೊರತು ಕರೆತರಲೇಬೇಕು ಎನ್ನುವುದಿಲ್ಲ. ಹಾಗೆ ಸರ್ಕಾರವನ್ನು ಕಟ್ಟಿಹಾಕುವ ಪ್ರತ್ಯೇಕ ಕಾಯ್ದೆ ನಮ್ಮಲ್ಲೂ ಇಲ್ಲ. ಇರುವುದು ರೂಢಿ ಮಾತ್ರ. ಆ ರೂಢಿಗೂ ಒಂದು ಇತಿಹಾಸವಿದೆ.

ಇತಿಹಾಸ ಆರಂಭವಾಗುವುದು ಕಹಿಯಿಂದಲೇ. 1941ರ ಡಿಸೆಂಬರ್‌ನಲ್ಲಿ ಜಪಾನಿನ ವಿಮಾನಗಳು ರಂಗೂನಿನ ಮೇಲೆ ಬಾಂಬ್ ಸುರಿಸಿದಾಗ ಬರ್ಮಾದಲ್ಲಿದ್ದ ಲಕ್ಷಾಂತರ ಭಾರತೀಯರು ಊರು ಬಿಟ್ಟರು. ಹಡಗು ಸಿಕ್ಕದವರು ಅರಾಕಾನಿನ ಬೆಟ್ಟ ಹತ್ತಿಳಿದು, ತಮು ದಾರಿಯಲ್ಲಿ ಮಣಿಪುರ ಸೇರಿ, ಕಾಲ್ನಡಿಗೆಯಲ್ಲಿ ಬಂದರು. ಹಸಿವು, ಕಾಲರಾ, ಮಲೇರಿಯಾಗಳಿಗೆ ಸಾವಿರಾರು ಮಂದಿ ದಾರಿಯಲ್ಲೇ ಬಲಿಯಾದರು. ಐರೋಪ್ಯರನ್ನು ಸಾಗಿಸಲು ತೋರಿದ ಮುತುವರ್ಜಿ ಭಾರತೀಯರಿಗೆ ಸಿಗಲಿಲ್ಲ, ಬಿಳಿಯರಿಗೊಂದು ದಾರಿ, ಕರಿಯರಿಗೊಂದು ದಾರಿ ಎಂಬ ದೂರು ಆಗ ದೇಶದಾದ್ಯಂತ ಕೇಳಿಬಂತು. ಇಬ್ಬರೂ ಒಬ್ಬನೇ ದೊರೆಯ ಪ್ರಜೆಗಳು ಎಂಬುದು ಕಾಗದದ ಮಾತಾಗಿತ್ತು.

ಸ್ವತಂತ್ರ ಭಾರತಕ್ಕೆ ದೊಡ್ಡ ಪರೀಕ್ಷೆ ಬಂದದ್ದು 1990ರ ಆಗಸ್ಟ್ 2ರಂದು, ಸದ್ದಾಂ ಹುಸೇನರ ಸೇನೆ ಕುವೈತಿಗೆ ನುಗ್ಗಿದಾಗ. ಅಲ್ಲಿ ಆಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಿದ್ದರು. ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಒಲೆ ಉರಿಯುತ್ತಿದ್ದುದು ಕುವೈತಿನ ದಿನಾರಿನಿಂದ. ದಿನಾರು ರಾತ್ರೋರಾತ್ರಿ ಬೆಲೆ ಕಳೆದುಕೊಂಡಿತು, ಬ್ಯಾಂಕುಗಳು ಮುಚ್ಚಿದವು. ವಿ.ಪಿ. ಸಿಂಗ್ ಸರ್ಕಾರದ ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ನೇರವಾಗಿ ಬಾಗ್ದಾದಿಗೆ ಹೋದರು. ಸದ್ದಾಂ ಅವರನ್ನು ಅಪ್ಪಿಕೊಂಡ ಚಿತ್ರ ಪತ್ರಿಕೆಗಳಲ್ಲಿ ಬಂದು ಗುಜ್ರಾಲ್ ಸಾಕಷ್ಟು ಟೀಕೆಗೂ ಗುರಿಯಾದರು. ಆದರೆ ಆ ಅಪ್ಪುಗೆಯಿಲ್ಲದೆ ದಾರಿ ತೆರೆಯುತ್ತಿತ್ತೆ ಎಂದು ಕೇಳಿಕೊಳ್ಳಬೇಕು. ಕುವೈತಿನಲ್ಲಿದ್ದ ಭಾರತೀಯ ವ್ಯಾಪಾರಿಗಳು, ನೌಕರರು ತಾವೇ ಸಮಿತಿ ಕಟ್ಟಿಕೊಂಡು ಬಸ್ಸು, ಊಟ, ಹೆಸರುಪಟ್ಟಿಗಳ ವ್ಯವಸ್ಥೆ ಮಾಡಿದರು. ಇರಾಕಿನ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ತಲುಪಿದವರನ್ನು ಏರ್ ಇಂಡಿಯಾ ಹೊತ್ತು ತಂದಿತು. ಆಗಸ್ಟ್ ಮಧ್ಯದಿಂದ ಅಕ್ಟೋಬರ್‌ವರೆಗೆ 488 ಹಾರಾಟ, 1.1 ಲಕ್ಷಕ್ಕೂ ಹೆಚ್ಚು ಜನ! ವಿದೇಶಿ ವಿನಿಮಯ ಬರಿದಾಗುತ್ತಿದ್ದ ದೇಶವೊಂದು ಮಾಡಿದ ಕೆಲಸವಿದು.

ಅಲ್ಲಿಂದ ಮುಂದೆ ಇದು ವಾಡಿಕೆಯಾಯಿತು. 2006ರಲ್ಲಿ ಲೆಬನಾನ್, 2011ರಲ್ಲಿ ಲಿಬಿಯಾ, 2015ರಲ್ಲಿ ಯೆಮನ್. ಯೆಮನ್‌ನಿಂದ ನಮ್ಮ ನೌಕಾಪಡೆ ಅನ್ಯ ದೇಶಗಳ ನೂರಾರು ಪ್ರಜೆಗಳನ್ನೂ ಕರೆತಂದಿತು. ಆದರೆ ವಾಡಿಕೆ ಹಕ್ಕಲ್ಲ. 2022ರಲ್ಲಿ ಉಕ್ರೇನಿನಿಂದ ಬಂದ ವಿದ್ಯಾರ್ಥಿಗಳಿಗೆ ವಿಮಾನ ಉಚಿತವಾಗಿತ್ತು. 2020ರ ಕೊರೊನಾ ಕಾಲದ ‘ವಂದೇ ಭಾರತ್’ ವಿಮಾನಗಳಲ್ಲಿ ಪ್ರಯಾಣಿಕರು ಟಿಕೆಟ್ ಹಣ ತೆತ್ತಿದ್ದರು. ಯಾರಿಗೆ ಉಚಿತ, ಯಾರಿಗಲ್ಲ ಎಂಬುದು ಸರ್ಕಾರದ ವಿವೇಚನೆ.

ಉಕ್ರೇನ್ ಪ್ರಸಂಗ ಇನ್ನೊಂದು ಪ್ರಶ್ನೆ ಎತ್ತಿತು. ಕರೆತರುವುದಷ್ಟೇ ಹೊಣೆಯೆ, ಸಕಾಲದಲ್ಲಿ ಎಚ್ಚರಿಸುವುದೂ ಹೊಣೆಯೆ? ಫೆಬ್ರುವರಿ 15ರಂದು ಕೀವ್‌ನ ದೂತಾವಾಸ, ಇರಲೇಬೇಕಾದ ಅಗತ್ಯವಿಲ್ಲದವರು ತಾತ್ಕಾಲಿಕವಾಗಿ ದೇಶ ಬಿಡುವ ಬಗ್ಗೆ ಯೋಚಿಸಬಹುದು ಎಂದಿತ್ತು. ಕಾಲೇಜುಗಳಲ್ಲಿ ಪಾಠ ನಡೆಯುತ್ತಿದ್ದಾಗ ‘ಬಿಡಬಹುದು’ ಎಂದರೆ ವಿದ್ಯಾರ್ಥಿ ಏನೆಂದು ತಿಳಿಯಬೇಕು? ಫೆಬ್ರುವರಿ 24ಕ್ಕೆ ಯುದ್ಧ ಶುರುವಾಯಿತು. ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ಆಹಾರ ಕೊಳ್ಳಲು ಹೊರಗೆ ಬಂದಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಮರುದಿನ ದೂತಾವಾಸ, ವಾಹನ ಸಿಗದಿದ್ದರೆ ನಡೆದಾದರೂ ಹಾರ್ಕಿವ್ ಬಿಡಿ ಎಂದು ಸೂಚಿಸಿತು. ಮಾರ್ಚ್ 3ರಂದು ವಿಷಯ ಸುಪ್ರೀಂ ಕೋರ್ಟಿಗೆ ಬಂದಾಗ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ, ಯುದ್ಧ ನಿಲ್ಲಿಸಿ ಎಂದು ರಷ್ಯಾದ ಅಧ್ಯಕ್ಷರಿಗೆ ನ್ಯಾಯಾಲಯ ಆದೇಶ ಕೊಡಲಾದೀತೆ ಎಂದು ಕೇಳಿದರು. ವಿದ್ಯಾರ್ಥಿಗಳಿಗೆ ನೆರವಾಗುವಂತೆ ಅಟಾರ್ನಿ ಜನರಲ್ ಅವರನ್ನು ಕೋರಿದರು.

ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯಂಥ ಹೋಬಳಿಯ ಮನೆಗೆ ದೆಹಲಿಯ ವಿದೇಶಾಂಗ ಸಚಿವಾಲಯ ಬಹು ದೂರ. ಜನರಿಗೆ ಗೊತ್ತಿರುವ ಸರ್ಕಾರವೆಂದರೆ ನಾಡಕಚೇರಿ, ಹೆಚ್ಚೆಂದರೆ ತಹಸೀಲ್ದಾರರು, ಜಿಲ್ಲಾಧಿಕಾರಿ. ವಿದೇಶಾಂಗ ವ್ಯವಹಾರ ಕೇಂದ್ರದ ಪಾಲಿನದಾದರೂ ಮಗ ಎಲ್ಲಿದ್ದಾನೆಂದು ತಂದೆತಾಯಿ ಕೇಳುವುದು ಇಲ್ಲೇ. ಅದಕ್ಕಾಗಿಯೇ 2022ರಲ್ಲಿ ಕರ್ನಾಟಕದ ವಿಪತ್ತು ನಿರ್ವಹಣಾ ಪ್ರಾಧಿಕಾರ ಸಹಾಯವಾಣಿ ತೆರೆದು, ಉಕ್ರೇನಿನಲ್ಲಿದ್ದವರ ಹೆಸರುಗಳನ್ನು ಕಲೆಹಾಕಿತು.

ಹೆಸರೇ ಎಲ್ಲೂ ಇಲ್ಲದವರ ಗತಿ 2023ರಲ್ಲಿ ತಿಳಿಯಿತು. ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಹತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳಿದ್ದರು. ಹಿಂದೆ ಹಕ್ಕಿ ಹಿಡಿದು ಬದುಕುತ್ತಿದ್ದ ಈ ಅಲೆಮಾರಿ ಬುಡಕಟ್ಟು, 1972ರ ವನ್ಯಜೀವಿ ಕಾಯ್ದೆ ಬೇಟೆಗೆ ತಡೆಯೊಡ್ಡಿದ ಮೇಲೆ ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರಾಟಕ್ಕೆ ತಿರುಗಿತ್ತು. ಶಿವಮೊಗ್ಗ, ದಾವಣಗೆರೆ, ಮೈಸೂರು ಜಿಲ್ಲೆಗಳ ಕಾಲೊನಿಗಳಿಂದ ಹೊರಟು ಆಫ್ರಿಕಾದ ಸಂತೆಗಳವರೆಗೆ ಅವರು ತಲುಪಿದ್ದರು. 31 ಮಂದಿ ಸಿಕ್ಕಿಬಿದ್ದಿದ್ದಾರೆ ಎಂದು ಏಪ್ರಿಲ್ 18ರಂದು ಆಗಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಟ್ವಿಟರಿನಲ್ಲಿ ಬರೆದರು. ಜೀವಗಳ ವಿಷಯದಲ್ಲಿ ರಾಜಕೀಯ ಬೇಡ ಎಂದು ವಿದೇಶಾಂಗ ಸಚಿವ ಜೈಶಂಕರ್ ಸಿಡುಕಿದರು. ವಿಧಾನಸಭೆ ಚುನಾವಣೆ ಹತ್ತಿರವಿದ್ದ ದಿನಗಳವು. ರಾಜಕೀಯ ಇಲ್ಲದಿರಲು ಸಾಧ್ಯವಿರಲಿಲ್ಲ. ಆದರೂ ಆ ಜಟಾಪಟಿಯಿಂದಲೇ ಹಕ್ಕಿಪಿಕ್ಕಿಗಳ ಹೆಸರು ದೇಶಕ್ಕೆಲ್ಲ ತಿಳಿಯಿತು. ಏಪ್ರಿಲ್ 24ರಂದು ‘ಆಪರೇಷನ್ ಕಾವೇರಿ’ ಶುರುವಾಯಿತು. ಪೋರ್ಟ್ ಸುಡಾನಿನಿಂದ ಹಡಗು, ವಿಮಾನಗಳಲ್ಲಿ ಜೆಡ್ಡಾ, ಅಲ್ಲಿಂದ ಭಾರತ. ಮೇ 5ರ ಹೊತ್ತಿಗೆ 3,862 ಜನ ಸುಡಾನ್ ಬಿಟ್ಟಿದ್ದರು. ಬೆಂಗಳೂರಿನಲ್ಲಿ ಇಳಿದವರ ಪೈಕಿ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇಲ್ಲದವರನ್ನು ಕೆಲ ದಿನ ಪ್ರತ್ಯೇಕವಾಗಿ ಇರಿಸಲಾಯಿತು.

1983ರ ವಲಸೆ ಕಾಯ್ದೆ ರೂಪುಗೊಂಡದ್ದು ಸಂಬಳಕ್ಕಾಗಿ ಹೊರದೇಶಕ್ಕೆ ಹೋಗುವವರನ್ನು ಕಣ್ಣಮುಂದಿಟ್ಟುಕೊಂಡು. ಅಂಥವರ ಹೆಸರು ದಾಖಲಾಗುತ್ತದೆ, ಅವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯೂ ಇದೆ. ಚೀಲದಲ್ಲಿ ಎಣ್ಣೆ ಬಾಟಲಿ ತುಂಬಿಕೊಂಡು ಸ್ವಂತ ವ್ಯಾಪಾರಕ್ಕೆ ಹೊರಟವನು ಆ ಲೆಕ್ಕಕ್ಕೆ ಸೇರುವುದಿಲ್ಲ. ಅವನ ಹೆಸರು ಪಟ್ಟಿಗೆ ಬರುವುದು ಗುಂಡಿನ ಸದ್ದು ಕೇಳಿದ ಮೇಲೆ, ಅದೂ ಯಾರಾದರೂ ಫೋನ್ ಮಾಡಿ ತಿಳಿಸಿದರೆ.